ಪುಟದ ತಲೆಯಲ್ಲೊಂದು ಸುಳ್ಳು

ಹೋದ ತಿಂಗಳು ಹೈಸ್ಕೂಲಿನ ನಮ್ಮ ಕನ್ನಡ ಮೇಷ್ಟ್ರು ಫೋನ್ ಮಾಡಿದ್ದರು. ಅವರಿಗೀಗ ಎಪ್ಪತ್ತೆಂಟು. ಗ್ಲಾಕೋಮಾದಿಂದ ಕಣ್ಣು ಪೂರ್ತಿ ಹೋಗಿ ಆರು ವರ್ಷವಾಯಿತು. ಓದುವ ಚಟ ಮಾತ್ರ ಹೋಗಿಲ್ಲ. ಮಗಳು ಅವರ ಲ್ಯಾಪ್‌ಟಾಪಿಗೆ ಸ್ಕ್ರೀನ್ ರೀಡರ್ ಹಾಕಿಕೊಟ್ಟಿದ್ದಾಳೆ, ಅಂದರೆ ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ. ಬೆಳಗ್ಗೆ ಕಾಫಿ ಕುಡಿಯುತ್ತಾ ಪೇಪರು ಕೇಳುತ್ತಾರೆ, ಮಧ್ಯಾಹ್ನ ಊಟವಾದ ಮೇಲೆ ಯಾವುದಾದರೂ ಬ್ಲಾಗು ಕೇಳುತ್ತಾರೆ.

"ಏನಪ್ಪಾ, ನಮ್ಮೂರ ಟೂರಿಂಗ್ ಟಾಕೀಸಿನ ಬಗ್ಗೆ ಬರೆದಿದ್ದೀಯಂತೆ, ಕೇಳೋಣ ಅಂತ ಕೂತೆ. ಬರೀ ಇಸವಿ ಹೇಳ್ತದಲ್ಲೋ!" ಅಂದರು.

ನನಗೆ ತಲೆಬುಡ ಗೊತ್ತಾಗಲಿಲ್ಲ. "ಇಸವೀನಾ ಸಾರ್?"

"ಹೂಂ. ನೈನ್‌ಟೀನ್ ಫಿಫ್ಟಿ ಏಯ್ಟ್ ಅಂತು. ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ನೈನ್‌ಟೀನ್ ಸೆವೆಂಟಿ ಟೂ ಅಂತು. ಮತ್ತೆ ಸುಮ್ಮನಾಯ್ತು. ಕೊನೇಗೆ ಟ್ವೆಂಟಿ ಫೈವ್ ಅಂತು. ಅದೇನು, ಟಿಕೆಟ್ಟಿನ ರೇಟಾ?"

ಹೌದು, ನೆಲದ ಮೇಲೆ ಕೂರುವವರಿಗೆ ಟಿಕೆಟ್ಟು ಇಪ್ಪತ್ತೈದು ಪೈಸೆ. ನಾನು ಎರಡು ಭಾನುವಾರ ಕೂತು ಬರೆದ ಬರಹದಲ್ಲಿ ಮೇಷ್ಟ್ರಿಗೆ ಮುಟ್ಟಿದ್ದು ಮೂರೇ ಅಂಕಿ. ಮಿಕ್ಕ ಕನ್ನಡವನ್ನೆಲ್ಲ ಆ ಯಂತ್ರದ ದನಿ ನುಂಗಿ ನೀರು ಕುಡಿದಿತ್ತು.

ಪೇಪರು ಸರಿಯಾಗಿ ಓದುವ ತಂತ್ರಾಂಶ ನನ್ನ ಪುಟವನ್ನು ಮಾತ್ರ ಯಾಕೆ ಓದಲಿಲ್ಲ? ಅವತ್ತು ರಾತ್ರಿ ಪುಟದ ಸೋರ್ಸ್ ತೆರೆದು ನೋಡಿದೆ. ಎರಡನೇ ಸಾಲಿನಲ್ಲೇ ಉತ್ತರ ಇತ್ತು. ಎಚ್‌ಟಿಎಂಎಲ್ ಅನ್ನುವ ಮೊದಲ ಟ್ಯಾಗಿನ ಒಳಗೆ ಲ್ಯಾಂಗ್ ಅಂತ ಒಂದು ಪದ, ಅದರ ಮುಂದೆ 'ಇಎನ್'. ಅಂದರೆ ಇಂಗ್ಲಿಷ್. ಈ ಪುಟದ ಭಾಷೆ ಇಂಗ್ಲಿಷ್ ಅಂತ ನಾನೇ ನನ್ನ ಬ್ಲಾಗಿನ ನೆತ್ತಿಯ ಮೇಲೆ ಬರೆಸಿಕೊಂಡು ಇಷ್ಟು ವರ್ಷ ಕನ್ನಡ ಬರೆಯುತ್ತಾ ಕೂತಿದ್ದೆ. ನಾನು ಬರೆದದ್ದಲ್ಲ ನಿಜ. ಯಾವುದೋ ಉಚಿತ ಟೆಂಪ್ಲೇಟು, ನೀಲಿ ಬಣ್ಣ ಚೆನ್ನಾಗಿದೆ ಅಂತ ಇಳಿಸಿಕೊಂಡಿದ್ದೆ. ಅದರ ಜೊತೆಗೆ ಈ ಸುಳ್ಳೂ ಉಚಿತವಾಗಿ ಬಂದಿತ್ತು :)

ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ಒಂದು ತಮಾಷೆ ಇದೆ. ಮೇಷ್ಟ್ರ ಯಂತ್ರದಲ್ಲಿ ಎರಡು ದನಿಗಳಿವೆ, ಕನ್ನಡದ್ದೊಂದು, ಇಂಗ್ಲಿಷಿನದ್ದೊಂದು. ಮಾಮೂಲಿಯಾಗಿ ಮಾತಾಡುವುದು ಕನ್ನಡದ ದನಿ. ಪುಟ ತನ್ನ ಭಾಷೆ ಇಂಥದ್ದು ಅಂತ ಹೇಳಿಕೊಂಡರೆ ತಂತ್ರಾಂಶ ಆ ಮಾತನ್ನು ನಂಬಿ ಆ ಭಾಷೆಯ ದನಿಗೆ ಬದಲಾಯಿಸಿಕೊಳ್ಳುತ್ತದೆ. ನನ್ನ ಪುಟ ಇಂಗ್ಲಿಷ್ ಅಂದಿತು, ಇಂಗ್ಲಿಷ್ ದನಿ ಬಂದು ನಿಂತಿತು, ಅದಕ್ಕೆ ಕನ್ನಡದ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಈಗ ನೋಡಿ, ನನ್ನ ಪುಟದಲ್ಲಿ ಲ್ಯಾಂಗ್ ಅನ್ನುವುದು ಇಲ್ಲವೇ ಇಲ್ಲ ಅಂತಿದ್ದಿದ್ದರೆ? ಮಾಮೂಲಿ ಕನ್ನಡದ ದನಿಯೇ ಓದುತ್ತಿತ್ತು. ಮೇಷ್ಟ್ರು ಪೂರ್ತಿ ಕೇಳುತ್ತಿದ್ದರು. ಏನೂ ಹೇಳದೆ ಸುಮ್ಮನಿದ್ದಿದ್ದರೆ ಆಗುತ್ತಿದ್ದ ಕೆಲಸ, ತಪ್ಪು ಹೇಳಿದ್ದರಿಂದ ಕೆಟ್ಟಿತು.

ನಮ್ಮ ಅಡುಗೆಮನೆ ನೆನಪಾಯಿತು. ಅಮ್ಮನ ಶೆಲ್ಫಿನಲ್ಲಿ ಹಾರ್ಲಿಕ್ಸ್ ಬಾಟಲಿಯಲ್ಲಿ ಮೆಂತ್ಯ, ಬೋರ್ನ್‌ವೀಟಾ ಡಬ್ಬದಲ್ಲಿ ಸಾಸಿವೆ. ಅಮ್ಮನಿಗೆ ಎಲ್ಲ ಗೊತ್ತು. ಚೀಟಿಯೇ ಇಲ್ಲದ ಡಬ್ಬವಾದರೆ ಬಂದ ನೆಂಟರು ಮುಚ್ಚಳ ತೆಗೆದು ಮೂಸಿ ನೋಡುತ್ತಾರೆ. ಆದರೆ ಉಪ್ಪಿನ ಡಬ್ಬದ ಮೇಲೆ 'ಸಕ್ಕರೆ' ಅಂತ ಚೀಟಿ ಅಂಟಿಸಿಟ್ಟರೆ ಯಾರೂ ಮೂಸುವುದಿಲ್ಲ, ನೇರ ಕಾಫಿಗೆ ಹಾಕುತ್ತಾರೆ. ಪುಟದ ತಲೆಯಲ್ಲಿ ನಾವು ಬರೆಯುವ ಮೆಟಾಡೇಟಾ ಅನ್ನುವುದು ಇಂಥ ಚೀಟಿ. ಹಾಗಾಗಿ ನನ್ನ ವಾದ ಇಷ್ಟೇ: ಗೊತ್ತಿರುವ ನಿಜವನ್ನು ಬರೆಯಿರಿ, ಇಲ್ಲವಾದರೆ ಜಾಗ ಖಾಲಿ ಬಿಡಿ. ಖಾಲಿ ಚೀಟಿ ಸುಳ್ಳು ಚೀಟಿಗಿಂತ ಎಷ್ಟೋ ವಾಸಿ.

(ಪಂಡಿತರು ಕೋಪಿಸಿಕೊಳ್ಳಬೇಡಿ. ಕಟ್ಟುನಿಟ್ಟಾಗಿ ಹೇಳಿದರೆ ಲ್ಯಾಂಗ್ ಎಂಬುದು ಮೆಟಾ ಟ್ಯಾಗ್ ಅಲ್ಲ, ಟ್ಯಾಗಿನೊಳಗಿನ ಒಂದು ಗುಣವಾಚಕ, ಅಷ್ಟೇ. ಟೈಟಲ್ ಕೂಡ ಮೆಟಾ ಅಲ್ಲ. ಆದರೆ ಪುಟದ ಬಗ್ಗೆ ಪುಟವೇ ಹೇಳಿಕೊಳ್ಳುವ ಮಾತು ಅನ್ನುವ ಅರ್ಥದಲ್ಲಿ ಎಲ್ಲವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದೇನೆ.)

ಮೆಟಾ ಟ್ಯಾಗ್ ಅಂದ ಕೂಡಲೇ ನಮ್ಮವರಿಗೆ ಮೊದಲು ನೆನಪಾಗುವುದು ಕೀವರ್ಡ್ಸ್. ಈಗಲೂ ಹೊಸದಾಗಿ ತಾಣ ಶುರು ಮಾಡುವವರು "ಸಾರ್, ಕೀವರ್ಡ್ಸ್ ಏನು ಹಾಕಬೇಕು?" ಅಂತ ಕೇಳುತ್ತಾರೆ. ಹಾಕಿಕೊಡುತ್ತೇವೆ ಅಂತ ದುಡ್ಡು ಕೀಳುವವರೂ ಇದ್ದಾರೆ. ಆ ಟ್ಯಾಗ್ ಸತ್ತು ಎಷ್ಟೋ ವರ್ಷವಾಯಿತು, ಅದು ಸತ್ತ ಕಥೆ ನಮಗೆ ಪಾಠ ಅಂತಲೇ ನನಗನಿಸುತ್ತದೆ.

1990ರ ದಶಕದ ನಡುವಿನ ಮಾತು. ಆಗಿನ ಆಲ್ಟಾವಿಸ್ಟಾ, ಇನ್ಫೋಸೀಕ್ ಮುಂತಾದ ಹುಡುಕು ಯಂತ್ರಗಳು ಪುಟದ ತಲೆಯಲ್ಲಿದ್ದ ಕೀವರ್ಡ್ಸ್ ನೋಡಿ ಆ ಪುಟ ಯಾವುದರ ಬಗ್ಗೆ ಅಂತ ತೀರ್ಮಾನ ಮಾಡುತ್ತಿದ್ದವು. ಒಳ್ಳೆಯ ಯೋಚನೆಯೇ. ಲೈಬ್ರರಿಯಲ್ಲಿ ಪುಸ್ತಕಕ್ಕೆ ಕಾರ್ಡು ಬರೆದ ಹಾಗೆ. ವ್ಯತ್ಯಾಸ ಏನಪ್ಪಾ ಅಂದರೆ ಲೈಬ್ರರಿ ಕಾರ್ಡು ಬರೆಯುವವರು ಲೈಬ್ರರಿಯವರು, ಇಲ್ಲಿ ಬರೆಯುವವರು ಅಂಗಡಿಯವರೇ. ಓದುಗರ ಕಣ್ಣಿಗೆ ಬೀಳದ ಜಾಗ ಬೇರೆ. ಕೇಳಬೇಕೇ? ಟೈರ್ ಮಾರುವವರೂ ನಟಿಯರ ಹೆಸರು ತುರುಕಿದರು. ಒಂದೇ ಪದವನ್ನು ನೂರು ಸಲ ಬರೆದರು. ಎದುರಾಳಿ ಕಂಪನಿಯ ಹೆಸರನ್ನು ತಮ್ಮ ಪುಟದಲ್ಲಿ ಬಚ್ಚಿಟ್ಟರು. ಈ ಕೊನೆಯದು ಕೋರ್ಟಿಗೂ ಹೋಯಿತು. ಅಮೆರಿಕದಲ್ಲಿ ಬ್ರೂಕ್‌ಫೀಲ್ಡ್ ಮತ್ತು ವೆಸ್ಟ್ ಕೋಸ್ಟ್ ಅನ್ನುವ ಎರಡು ಕಂಪನಿಗಳ ಮೊಕದ್ದಮೆಯಲ್ಲಿ 1999ರಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನು ಹೆದ್ದಾರಿ ಪಕ್ಕದ ಬೋರ್ಡಿಗೆ ಹೋಲಿಸಿತು. ಇನ್ನೊಬ್ಬರ ಅಂಗಡಿಯ ಹೆಸರಿನ ಬೋರ್ಡು ಹಾಕಿ ಗಿರಾಕಿಗಳನ್ನು ತನ್ನ ಕಡೆ ತಿರುಗಿಸಿಕೊಂಡ ಹಾಗೆ ಅಂತ. ಮೈಸೂರು ರಸ್ತೆಯಲ್ಲಿ ತಟ್ಟೆ ಇಡ್ಲಿಯ 'ಒರಿಜಿನಲ್' ಬೋರ್ಡುಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2001ರಲ್ಲಿ ಕೋರಿ ಡಾಕ್ಟರೋ ಎಂಬ ಲೇಖಕ 'ಮೆಟಾಕ್ರಾಪ್' ಅಂತ ಒಂದು ಪ್ರಬಂಧ ಬರೆದ. ಜನ ಸುಳ್ಳು ಹೇಳುತ್ತಾರೆ, ಸೋಮಾರಿಗಳು, ತಮ್ಮ ಬಗ್ಗೆ ತಮಗೇ ಸರಿಯಾಗಿ ಗೊತ್ತಿರುವುದಿಲ್ಲ, ಆದ್ದರಿಂದ ಎಲ್ಲರೂ ಪ್ರಾಮಾಣಿಕವಾಗಿ ಮೆಟಾಡೇಟಾ ಬರೆಯುತ್ತಾರೆ ಅನ್ನುವುದು ಹಗಲುಗನಸು ಅನ್ನುವುದು ಅದರ ತಿರುಳು. ಗೂಗಲ್‌ನವರು ತಮ್ಮ ಶ್ರೇಯಾಂಕಕ್ಕೆ ಕೀವರ್ಡ್ಸ್ ಟ್ಯಾಗನ್ನು ಬಳಸುವುದಿಲ್ಲ ಅಂತ 2009ರ ಸೆಪ್ಟೆಂಬರಿನಲ್ಲಿ ಬಹಿರಂಗವಾಗಿಯೇ ಹೇಳಿದರು. ಅಲ್ಲಿಗೆ ತಿಥಿಯೂ ಆಯಿತು.

ನನಗೆ ಮಾತ್ರ ಆ ಟ್ಯಾಗಿನ ಮೇಲೆ ಸಣ್ಣದೊಂದು ಕೃತಜ್ಞತೆ ಇದೆ. ಯುನಿಕೋಡ್ ನಮ್ಮಲ್ಲಿ ಬೇರೂರುವ ಮುಂಚೆ ಕನ್ನಡ ಪುಟಗಳು ನುಡಿ, ಬರಹ, ಶ್ರೀಲಿಪಿ ಅಂತ ಒಂದೊಂದು ಫಾಂಟಿಗೆ ಒಂದೊಂದು ಸಂಕೇತ ಇಟ್ಟುಕೊಂಡಿದ್ದವು. ಪರದೆಯ ಮೇಲೆ ಮುದ್ದಾದ ಕನ್ನಡ, ಒಳಗೆ ರೋಮನ್ ಅಕ್ಷರಗಳ ಕಲಸುಮೇಲೋಗರ. ಹುಡುಕು ಯಂತ್ರಕ್ಕೆ ಅದರಲ್ಲಿ ಒಂದು ಪದವೂ ಸಿಗುತ್ತಿರಲಿಲ್ಲ. ಆ ಕಾಲದ ಪುಟದಲ್ಲಿ ಕನ್ನಡ, ಕವನ, ಕರ್ನಾಟಕ ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕೀವರ್ಡ್ಸ್ ಸಾಲೊಂದೇ ಯಂತ್ರಕ್ಕೆ ಅರ್ಥವಾಗುವ ಸಾಲು. ಬೇರೆಯವರು ಇಲ್ಲದ್ದನ್ನು ಇದೆ ಅನ್ನಲು ಬಳಸಿದ ಜಾಗವನ್ನು ನಮ್ಮವರು ಇದ್ದದ್ದನ್ನು ಇದೆ ಅನ್ನಲು ಬಳಸಿದ್ದರು. ಆಗ ಅದು ಬೇಕಿತ್ತು. ಈಗ ಬೇಡ, ನಿಮ್ಮ ಕನ್ನಡವನ್ನು ಯಂತ್ರವೇ ಓದುತ್ತದೆ. ದಯವಿಟ್ಟು ಕೀವರ್ಡ್ಸ್‌ಗೆ ದುಡ್ಡು ಕೊಡಬೇಡಿ.

ಹಾಗಾದರೆ ತಲೆಯಲ್ಲಿ ಏನಿರಬೇಕು? ಮೊದಲನೆಯದು ಚಾರ್‌ಸೆಟ್. ಬೈಟುಗಳ ಈ ಸಾಲು ಯುಟಿಎಫ್-8 ಕ್ರಮದಲ್ಲಿದೆ ಅಂತ ಹೇಳುವ ಪುಟ್ಟ ಸಾಲು. ಹಳೆಯ ಬ್ಲಾಗಿಗರಿಗೆ ನೆನಪಿರಬಹುದು, ಪುಟ ತೆರೆದರೆ ತಲೆಯ ಮೇಲೆ ಗೀರಿರುವ ರೋಮನ್ 'ಎ', ಅದರ ಪಕ್ಕ ಚದರಡಿ ಬರೆಯುವಾಗ ಹಾಕುವಂಥ ಪುಟಾಣಿ ಎರಡು, ಮತ್ತೆ ಗೀರಿರುವ 'ಎ', ಈ ಸಲ ಪುಟಾಣಿ ಮೂರು... ಹೀಗೇ ಪುಟ ತುಂಬಾ. ಅದು ಹಾಳಾದ ಪುಟವಲ್ಲ, ಕನ್ನಡವೇ. ಕನ್ನಡದ ಪ್ರತಿಯೊಂದು ಸಂಕೇತವೂ ಯುಟಿಎಫ್-8ರಲ್ಲಿ ಮೂರು ಬೈಟು. ಮೊದಲ ಬೈಟು ಯಾವಾಗಲೂ ಒಂದೇ, ಎರಡನೆಯದು ಎರಡರಲ್ಲೊಂದು. ಚಾರ್‌ಸೆಟ್ ಗೊತ್ತಿಲ್ಲದ ಬ್ರೌಸರು ಒಂದೊಂದು ಬೈಟನ್ನೂ ಯೂರೋಪಿನ ಒಂದೊಂದು ಅಕ್ಷರ ಅಂದುಕೊಂಡರೆ ಈ ಗೀರಿನ 'ಎ'ಗಳ ಮೆರವಣಿಗೆ ಹೊರಡುತ್ತದೆ. ಆಗ ನಾವು ಇಂಟರ್ನೆಟ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿಗೆ ಹೋಗಿ ಎನ್‌ಕೋಡಿಂಗ್ ಬದಲಾಯಿಸುತ್ತಿದ್ದೆವು. ಈಗಿನ ಕ್ರೋಮಿನಲ್ಲಿ ಆ ಮೆನುವೇ ಇಲ್ಲ. ಓದುಗ ಏನೂ ಮಾಡಲಾರ, ಬರೆದವನೇ ಹೇಳಬೇಕು.

ಒಂದು ಸಣ್ಣ ಕಿವಿಮಾತು. ಈ ಸಾಲು ಪುಟದ ಮೊದಲ 1024 ಬೈಟುಗಳ ಒಳಗೆ ಬರಬೇಕು ಅನ್ನುವುದು ನಿಯಮ. ಇಂಗ್ಲಿಷಿನವರಿಗೆ ಅದು ಸಾವಿರ ಅಕ್ಷರದ ವಿಶಾಲ ಬಯಲು. ನಮಗೆ? 'ಸ್ತ್ರೀ' ಅನ್ನುವ ಒಂದೇ ಅಕ್ಷರಕ್ಕೆ ಆರು ಸಂಕೇತ, ಹದಿನೆಂಟು ಬೈಟು! ಉದ್ದನೆಯ ಕನ್ನಡ ಟೈಟಲ್ಲು, ವಿವರಣೆ ಎಲ್ಲ ಮೊದಲು ಬರೆದು ಆಮೇಲೆ ಚಾರ್‌ಸೆಟ್ ಹಾಕಿದರೆ ಗಡಿ ದಾಟಿಬಿಡಬಹುದು. ಅದನ್ನು ಎಲ್ಲಕ್ಕಿಂತ ಮೊದಲು ಹಾಕಿಬಿಡಿ.

ಇನ್ನು ಮೇಷ್ಟ್ರಿಗೆ ಕೈಕೊಟ್ಟ ಲ್ಯಾಂಗ್. ಕನ್ನಡದ ಸಂಕೇತ 'ಕೆಎನ್'. ಸರಿಪಡಿಸುವ ಉತ್ಸಾಹದಲ್ಲಿ ನಾನು ಮೊದಲು ಬರೆದದ್ದು 'ಕೆಎ'. ನಮ್ಮ ಗಾಡಿಗಳ ನಂಬರ್ ಪ್ಲೇಟಿನ ಮೇಲೆ ಇರುವುದು ಅದೇ ತಾನೇ? ಆಮೇಲೆ ಹುಡುಕಿ ನೋಡಿದರೆ 'ಕೆಎ' ಜಾರ್ಜಿಯನ್ ಭಾಷೆಯ ಸಂಕೇತ, ಕಪ್ಪು ಸಮುದ್ರದ ದಂಡೆಯ ಜಾರ್ಜಿಯಾ ದೇಶದ್ದು. ಒಂದರ್ಧ ಗಂಟೆ ನನ್ನ ಬ್ಲಾಗು ಜಾರ್ಜಿಯನ್ ಆಗಿತ್ತು. ನೀವು ಕನ್ನಡದ ತಾಣಗಳ ಸೋರ್ಸ್ ತೆರೆದು ನೋಡಿ, ಇಎನ್ ಅಂತೂ ಧಾರಾಳ ಸಿಗುತ್ತದೆ, ಹುಡುಕಿದರೆ ಈ ಜಾರ್ಜಿಯನ್ನೂ ಸಿಕ್ಕೀತು.

ಇಲ್ಲಿ ಯಾರಾದರೂ ಕೇಳಬಹುದು, ಅಲ್ಲ ಸ್ವಾಮಿ, ಕನ್ನಡ ಲಿಪಿ ನೋಡಿದರೆ ಕನ್ನಡ ಅಂತ ಯಂತ್ರಕ್ಕೇ ಗೊತ್ತಾಗುವುದಿಲ್ಲವೇ? ಈಗಂತೂ ಎಲ್ಲದಕ್ಕೂ ಎಐ ಇದೆ, ಇಂಥ ಚೀಟಿಗಳೆಲ್ಲ ಯಾಕೆ ಅಂತ. ಪ್ರಶ್ನೆ ನ್ಯಾಯವಾದದ್ದೇ. ಗೂಗಲ್ ಹುಡುಕಾಟ ಕೂಡ ಪುಟದ ಭಾಷೆ ಕಂಡುಹಿಡಿಯಲು ಲ್ಯಾಂಗ್ ನೋಡುವುದಿಲ್ಲ, ಕಾಣುವ ಬರಹವನ್ನೇ ನೋಡುತ್ತದೆ, ಹಾಗಂತ ಅವರೇ ಹೇಳಿದ್ದಾರೆ. ಹಾಗಾಗಿ ಲ್ಯಾಂಗ್ ಸರಿಪಡಿಸಿದರೆ ಹುಡುಕಾಟದಲ್ಲಿ ಮೇಲೆ ಬರುತ್ತೀರಿ ಅಂತ ನಾನು ಆಸೆ ಹುಟ್ಟಿಸುವುದಿಲ್ಲ. ಬರುವುದಿಲ್ಲ.

ಆದರೆ ಕನ್ನಡ ಲಿಪಿ ಅಂದರೆ ಕನ್ನಡ ಭಾಷೆ ಅನ್ನುವುದನ್ನು ಮಂಗಳೂರಿನಲ್ಲೋ ಮಡಿಕೇರಿಯಲ್ಲೋ ನಿಂತು ಹೇಳಿ ನೋಡೋಣ. ತುಳು ಬರೆಯುವುದು ಹೆಚ್ಚಾಗಿ ಇದೇ ಲಿಪಿಯಲ್ಲಿ. ಕೊಡವ ತಕ್ಕ್ ಕೂಡ. ಕರಾವಳಿಯ ಕೊಂಕಣಿಯೂ. ಲಿಪಿ ನೋಡಿ ಊಹೆ ಮಾಡುವ ಯಂತ್ರ ಇವನ್ನೆಲ್ಲ ಕನ್ನಡ ಅಂತಲೇ ಬಗೆದು, ಅರ್ಥವಾಗದ ಪದಗಳನ್ನು ಕಾಗುಣಿತ ತಪ್ಪಿದ ಕನ್ನಡ ಅಂದುಕೊಂಡರೆ ಅದನ್ನು ಬೈಯಲಾಗದು. ಇಂಗ್ಲಿಷಿನ ಯಂತ್ರಗಳು ನಮಗೆ ಮಾಡಿದ್ದನ್ನು ನಾವು ತುಳುವಿಗೆ ಮಾಡಬೇಕೇ? ತುಳುವಿಗೆ 'ಟಿಸಿವೈ' ಅಂತ ಸ್ವಂತ ಸಂಕೇತ ಇದೆ, 2016ರಲ್ಲಿ ಶುರುವಾದ ತುಳು ವಿಕಿಪೀಡಿಯದ ವಿಳಾಸ ಆರಂಭವಾಗುವುದು ಅದರಿಂದಲೇ. ಕೊಡವಕ್ಕೆ 'ಕೆಎಫ್‌ಎ'. ಕೊಂಕಣಿಗೆ 'ಕೆಓಕೆ', ಅದನ್ನು ದೇವನಾಗರಿ, ರೋಮನ್ ಲಿಪಿಗಳಲ್ಲೂ ಬರೆಯುವುದರಿಂದ ಬೇಕಿದ್ದರೆ ಮುಂದೊಂದು ಅಡ್ಡಗೆರೆ ಎಳೆದು 'ಕೆಎನ್‌ಡಿಎ' ಸೇರಿಸಿದರೆ ಕನ್ನಡ ಲಿಪಿಯ ಕೊಂಕಣಿ ಅಂತಾಗುತ್ತದೆ. ಎಷ್ಟು ಅಚ್ಚುಕಟ್ಟು ನೋಡಿ. ನಾವು ನಿಜ ಹೇಳಲು ಬೇಕಾದ ಪದಗಳನ್ನೆಲ್ಲ ಯಾರೋ ಪುಣ್ಯಾತ್ಮರು ಮೊದಲೇ ಮಾಡಿಟ್ಟಿದ್ದಾರೆ, ನಾವು ಬರೆಯುತ್ತಿಲ್ಲ.

ಯಾರಿಗೋಸ್ಕರ ಬರೆಯುತ್ತಿದ್ದೇವೆ ಅನ್ನುವುದರಲ್ಲಿದೆ ಎಲ್ಲ. ಕೀವರ್ಡ್ಸ್ ಬರೆದದ್ದು ಹುಡುಕು ಯಂತ್ರವನ್ನು ಒಲಿಸಿಕೊಳ್ಳಲು, ಅದಕ್ಕೇ ಅದರಲ್ಲಿ ಸುಳ್ಳು ತುಂಬಿತು. ಲ್ಯಾಂಗ್ ಬರೆದರೆ ಯಾವ ಯಂತ್ರವೂ ಮೆಚ್ಚಿ ಮೇಲಿನ ಸ್ಥಾನ ಕೊಡುವುದಿಲ್ಲ. ಅದರಿಂದ ಲಾಭ ಕೇಳುವವರಿಗೆ ಮಾತ್ರ. ಲಾಭ ಇಲ್ಲದ ಕಡೆ ಸುಳ್ಳು ಹೇಳಲು ಯಾರಿಗೂ ಕಾರಣವಿಲ್ಲ, ನಮ್ಮದು ಬರೀ ಅಲಕ್ಷ್ಯ. ಜಾಲತಾಣಗಳು ಎಲ್ಲರಿಗೂ ಎಟುಕುವಂತಿರಬೇಕು ಅಂತ ಮಾಡಿರುವ ಡಬ್ಲ್ಯುಸಿಎಜಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಪುಟದ ಭಾಷೆ ಹೇಳುವುದು ಅತ್ಯಂತ ಕೆಳಗಿನ ದರ್ಜೆಯ ಬೇಡಿಕೆ, ಅಂದರೆ ಕನಿಷ್ಠ ಇಷ್ಟಾದರೂ ಮಾಡಿ ಅನ್ನುವ ಪಟ್ಟಿಯಲ್ಲಿದೆ. ಕನ್ನಡ ಉಳಿಸಿ ಅಂತ ಬ್ಯಾನರ್ ಹಾಕಿರುವ ತಾಣವೊಂದರ ಸೋರ್ಸ್ ಮೊನ್ನೆ ನೋಡಿದೆ. ಇಎನ್, ಅಡ್ಡಗೆರೆ, ಯುಎಸ್. ಅಮೆರಿಕನ್ ಇಂಗ್ಲಿಷ್ ಅಂತೆ!

ಉಳಿದವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಿಸ್ಕ್ರಿಪ್ಷನ್ ಒಂದೆರಡು ವಾಕ್ಯ ಬರೆಯಿರಿ, ಪ್ರತಿ ಬರಹಕ್ಕೂ ಬೇರೆಬೇರೆ, ಇಡೀ ತಾಣಕ್ಕೆಲ್ಲ ಒಂದೇ ಬೇಡ. 2010ರಲ್ಲಿ ಫೇಸ್‌ಬುಕ್‌ನವರು ತಂದ ಓಪನ್ ಗ್ರಾಫ್ ಟ್ಯಾಗುಗಳನ್ನೂ ತುಂಬಿ, ವಾಟ್ಸಾಪಿನಲ್ಲಿ ಕೊಂಡಿ ಹಂಚಿದಾಗ ಕಾಣುವ ಶೀರ್ಷಿಕೆ, ಚಿತ್ರ ಎಲ್ಲ ಅಲ್ಲಿಂದ ಬರುತ್ತವೆ. ವ್ಯೂಪೋರ್ಟ್ ಅನ್ನುವ ಟ್ಯಾಗಿನಲ್ಲಿ ದೊಡ್ಡದು ಮಾಡಿ ನೋಡುವುದನ್ನು ತಡೆಯುವ ಪದವೊಂದನ್ನು ಕೆಲವು ಟೆಂಪ್ಲೇಟುಗಳು ಹಾಕಿರುತ್ತವೆ. ಒತ್ತಕ್ಷರಗಳನ್ನು ನೋಡಲು ಬೆರಳಲ್ಲಿ ಹಿಗ್ಗಿಸುವ ಅಪ್ಪ ಅಮ್ಮಂದಿರ ಮುಖ ನೆನೆಸಿಕೊಂಡು ಅದನ್ನು ಅಳಿಸಿಬಿಡಿ. ಇನ್ನು ರೋಬಾಟ್ಸ್ ಟ್ಯಾಗಿನ ನೋ-ಇಂಡೆಕ್ಸ್. ಪರಿಚಯದ ಪತ್ರಿಕೆಯೊಂದರ ತಾಣ ಕಟ್ಟಿಕೊಟ್ಟವರು, ತಯಾರಾಗುವ ತನಕ ಯಾರಿಗೂ ಕಾಣದಿರಲಿ ಅಂತ ಹಾಕಿದ್ದನ್ನು ತೆಗೆಯಲು ಮರೆತು ದುಡ್ಡು ತಗೊಂಡು ಹೋದರು. ಎಂಟು ತಿಂಗಳು ಆ ಪತ್ರಿಕೆಯ ಒಂದು ಪುಟವೂ ಹುಡುಕಾಟದಲ್ಲಿ ಸಿಗಲಿಲ್ಲ. ಸಂಪಾದಕರು ಕನ್ನಡ ಓದುಗರೇ ಇಲ್ಲ ಅಂತ ಕೊರಗುತ್ತಿದ್ದರು, ಪಾಪ.

ನಿಮ್ಮ ಪುಟ ಹೇಗಿದೆ ಅಂತ ತಿಳಿಯಲು ಕಣ್ಣಿಗಿಂತ ಕಿವಿ ಒಳ್ಳೆಯದು. ಎನ್‌ವಿಡಿಎ ಅಂತ ವಿಂಡೋಸಿಗೆ ಒಂದು ಉಚಿತ ಸ್ಕ್ರೀನ್ ರೀಡರ್ ಇದೆ, 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ಅಂಧ ತರುಣ ಶುರು ಮಾಡಿದ್ದು. ಅದರ ಜೊತೆಗೇ ಬರುವ ಈಸ್ಪೀಕ್ ದನಿಗೆ ಕನ್ನಡ ಬರುತ್ತದೆ. ಉಚ್ಚಾರ ಸ್ವಲ್ಪ ರೋಬಾಟಿನದ್ದೇ, ಆದರೂ ಕನ್ನಡ. ಇಳಿಸಿಕೊಂಡು, ಮಾನಿಟರ್ ಆರಿಸಿ, ನಿಮ್ಮದೇ ಒಂದು ಬರಹ ಕೇಳಿ.

ನಾನು ಲ್ಯಾಂಗ್ ಸರಿಮಾಡಿ ಮೇಷ್ಟ್ರಿಗೆ ಫೋನ್ ಮಾಡಿದೆ. ಮರುದಿನ ಅವರೇ ಮಾಡಿದರು. "ಪೂರ್ತಿ ಕೇಳಿದೆ ಕಣಪ್ಪಾ. ಟೆಂಟಿನ ಹಿಂದಿನ ಬೇಲಿ ನುಗ್ಗಿ ಬರ್ತಿದ್ದವರಲ್ಲಿ ನೀನೂ ಇದ್ದೆ, ಅದನ್ನ ಬರೆದೇ ಇಲ್ಲ" ಅಂದರು. ಆಮೇಲೆ, "ಎರಡು ಕಡೆ ವಿಶೇಷ ಅನ್ನೋದಕ್ಕೆ 'ವಿಷೇಶ' ಅಂತ ಬರೆದಿದ್ದೀಯ. ಅನುಮಾನ ಬಂದು ಅಕ್ಷರ ಅಕ್ಷರ ಬಿಡಿಸಿ ಓದಿಸಿ ನೋಡಿದೆ" ಅಂತಲೂ ಸೇರಿಸಿದರು. ಕನ್ನಡ ಮೇಷ್ಟ್ರಲ್ಲವೇ!

ಇನ್ನೊಂದು ದೂರೂ ಇತ್ತು. ಬರಹದ ನಡುವೆ ಇಂಗ್ಲಿಷ್ ಪತ್ರಿಕೆಯೊಂದರ ನಾಲ್ಕು ಸಾಲು ಹಾಗೇ ಕೊಟ್ಟಿದ್ದೆ. ಪುಟವೆಲ್ಲ ಕನ್ನಡ ಅಂತ ಈಗ ಹೇಳಿರುವುದರಿಂದ ಕನ್ನಡದ ದನಿ ಅದನ್ನೂ ತನಗೆ ತೋಚಿದಂತೆ ಓದಿತಂತೆ, ಅರ್ಥವಾಗಲಿಲ್ಲವಂತೆ. ಅಂಥ ಸಾಲುಗಳಿಗೆ ಸುತ್ತ ಒಂದು ಸ್ಪ್ಯಾನ್ ಟ್ಯಾಗ್ ಹಾಕಿ ಅಷ್ಟಕ್ಕೇ 'ಇಎನ್' ಅಂತ ಹೇಳಬೇಕು. ಹಳೆಯ ಬರಹಗಳಲ್ಲಿ ಇಂಥವು ನೂರಕ್ಕೂ ಮೇಲಿವೆ. ಹೋದ ಭಾನುವಾರ ಕೂತು ಹದಿನಾಲ್ಕು ಮುಗಿಸಿದೆ. ತುಳು ಗಾದೆಗಳ ಬರಹ ಒಂದಿದೆ, ಅದನ್ನು ಈ ವಾರ ಮಾಡಬೇಕು.